ಹೆಬ್ಬೆರಳಿನ ಉಗುರು ಮತ್ತು ಮೂರನೇ ಪ್ರಶ್ನೆ

ತಾನು ಏನಾಗಬೇಕೆಂದು ಐದನೇ ವಯಸ್ಸಿಗೇ ಗೊತ್ತಿತ್ತು ಎನ್ನುವವರನ್ನು ಕಂಡರೆ ನನಗೆ ಮೊದಲು ಹೊಟ್ಟೆಕಿಚ್ಚಾಗುತ್ತದೆ, ಆಮೇಲೆ ಅನುಮಾನ ಬರುತ್ತದೆ. ಗೊಂಬೆಗೆ ಇಂಜೆಕ್ಷನ್ ಚುಚ್ಚುತ್ತಿದ್ದೆ, ಅದಕ್ಕೇ ಡಾಕ್ಟರಾದೆ ಎನ್ನುತ್ತಾರೆ. ಅದೇ ಗೊಂಬೆಯ ಕತ್ತು ತಿರುಚಿ ಮೋರಿಗೆ ಎಸೆದದ್ದನ್ನು ಮಾತ್ರ ಹೇಳುವುದಿಲ್ಲ. ಬಾಲ್ಯ ಅಷ್ಟು ಸಲೀಸಾಗಿ ಬಂದು ಈಗಿನ ಕುರ್ಚಿಯಲ್ಲಿ ಕೂತುಬಿಡುತ್ತದೆ ಎಂದರೆ ಮಧ್ಯದಲ್ಲಿ ಯಾರೋ ಅರ ಹಾಕಿ ಉಜ್ಜಿದ್ದಾರೆ ಎಂದೇ ನನ್ನ ಲೆಕ್ಕ. ಈ ಅನುಮಾನ ನನ್ನ ಸ್ವಭಾವದ್ದೋ ಉದ್ಯೋಗದ್ದೋ ಹೇಳಲಾರೆ. ಇಪ್ಪತ್ತೆರಡು ವರ್ಷಗಳಿಂದ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪುಗಳಿಗೆ ಹಾಕುವ ಹಿತ್ತಾಳೆಯ ಬುಶ್‌ಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಬುಶ್ ಎಂದರೆ ಹೆಚ್ಚೇನಿಲ್ಲ, ಬೆರಳಿಗೆ ಸ್ವಲ್ಪ ದೊಡ್ಡದಾದ ದಪ್ಪ ಉಂಗುರ. ಒಂದು ಲಾಟಿನಲ್ಲಿ ಬಂದ ಉಂಗುರಗಳೆಲ್ಲ ಮೊದಲ ಸಲಕ್ಕೇ ಸರಿಯಾಗಿದ್ದರೆ ನಾನು ಉಂಗುರಗಳನ್ನು ಹೊಗಳುವುದಿಲ್ಲ, ಅಳೆಯುವ ಗೇಜನ್ನು ಅನುಮಾನಿಸುತ್ತೇನೆ.

ಈ ಗೇಜಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದೊಂದು ಉಕ್ಕಿನ ಕಡ್ಡಿ. ಒಂದು ತುದಿ ಉಂಗುರದೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ಇಷ್ಟು ಖಚಿತವಾದ ಸತ್ಯ ನನಗೆ ಜೀವನದಲ್ಲಿ ಬೇರೆಲ್ಲೂ ಸಿಕ್ಕಿಲ್ಲ, ಮದುವೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅದಾದ ಮೇಲೆ ಅಂಚಿನ ಪರೀಕ್ಷೆ. ಕತ್ತರಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಮುಳ್ಳು ಉಳಿದಿರುತ್ತದೆ, ನಾವು ಅದನ್ನು ಬರ್ ಎನ್ನುತ್ತೇವೆ. ಅದನ್ನು ಹಿಡಿಯುವುದಕ್ಕೆ ನನ್ನ ಬಲ ಹೆಬ್ಬೆರಳಿನ ಉಗುರನ್ನು ಒಂದು ಕಾಳಿನಷ್ಟು ಉದ್ದ ಬಿಟ್ಟಿದ್ದೇನೆ. ಅಂಚಿನ ಮೇಲೆ ಆಡಿಸಿದರೆ ಸಾಕು, ಮುಳ್ಳಿದ್ದರೆ ಉಗುರಿಗೆ ಸಿಗುತ್ತದೆ. ಲೋಹ ಕಡೆಯುವ ಯಂತ್ರದಿಂದ, ಅಂದರೆ ಲೇಥಿನಿಂದ, ಆಗ ತಾನೇ ಇಳಿದ ಹಿತ್ತಾಳೆ, ಬಟ್ಟೆಯಲ್ಲಿ ಸುತ್ತಿಟ್ಟ ಚಪಾತಿಯ ಹಾಗೆ ಅಂಗೈಯಲ್ಲಿ ಬೆಚ್ಚಗಿರುತ್ತದೆ. ಆ ಬಿಸಿ, ಆ ಗೇಜು ಒಳಗೆ ಜಾರುವ ಸಣ್ಣ ಉಸಿರಿನಂಥ ಸದ್ದು, ಉಗುರಿಗೆ ಸಿಕ್ಕ ಮುಳ್ಳು! ಇದರಲ್ಲೇನು ಸುಖ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಹೇಳಲು ಹೋಗಿ ಸೋತಿದ್ದೇನೆ.

ಚಟ ಮನೆಗೂ ಬಂತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುವಾಗ ಉಗುರು ತಾನಾಗಿ ಅಂಚುಗಳ ಮೇಲೆ ಓಡಿತು. ಮೂರು ಲೋಟ ಸರಿಯಿರಲಿಲ್ಲ. ತೆಗೆದು ಪಕ್ಕಕ್ಕಿಟ್ಟು, ಪಕ್ಕದ ಮನೆಯಿಂದ ಬೇರೆ ತರಿಸಿ, ಅವನ್ನೂ ನೋಡಿ, ಕಾಫಿ ಹೊರಗೆ ಬರುವ ಹೊತ್ತಿಗೆ ಗಂಡಿನ ತಾಯಿ ಚಪ್ಪಲಿ ಹುಡುಕುತ್ತಿದ್ದರು. ಹುಡುಗಿಗೆ ಇಷ್ಟವಿಲ್ಲ, ಒಳಗೆ ಅಳುತ್ತಿದ್ದಾಳೆ ಎಂದು ಅವರು ತೀರ್ಮಾನಿಸಿದ್ದರಂತೆ. "ಆ ಮೂರು ಲೋಟದ ಜೊತೆ ನಾನೂ ರಿಜೆಕ್ಟ್ ಅಂದ್ಕೊಂಡಿದ್ದೆ ಕಣೇ" ಎಂದು ಗಂಡ ಈಗಲೂ ಹೇಳುತ್ತಾರೆ. ಅವರು ಪಾಸಾದದ್ದು ಹೇಗೆಂದು ನಾನು ಅವರಿಗೆ ಇನ್ನೂ ಹೇಳಿಲ್ಲ.

ಈಗ ತೊಂದರೆಗೆ ಬರುತ್ತೇನೆ. ಹೋದ ವರ್ಷ ನಮ್ಮ ಯಜಮಾನರು ರುದ್ರಪ್ಪನವರು, ಹಾವೇರಿ ಕಡೆಯವರು, ನನ್ನನ್ನು ಕರೆದು, "ಶಶಿಕಲಾ ಮೇಡಂ, ಇನ್ನ ಎಷ್ಟ್ ದಿನಾ ಅಲ್ಲೇ ಸ್ಟೂಲ್ ಮ್ಯಾಲೆ ಕುಂದರ್ತೀರಿ? ನಿಮ್ಮನ್ನ ಕ್ವಾಲಿಟಿ ಮ್ಯಾನೇಜರ್ ಮಾಡೂದು ಅಂತ ಮಾಡೇನಿ" ಎಂದರು. ಗಾಜಿನ ಕ್ಯಾಬಿನ್, ತಿರುಗುವ ಕುರ್ಚಿ, ಎ.ಸಿ. ನನ್ನ ಮೇಜು ಇಬ್ಬರು ಹೊಸಬರಿಗೆ. ನಾನು ಇನ್ನು ಮುಂದೆ ಉಂಗುರ ಮುಟ್ಟುವ ಹಾಗಿಲ್ಲ. ಉಂಗುರದ ಬಗ್ಗೆ ಬೇರೆಯವರು ಬರೆದದ್ದನ್ನು ಕಂಪ್ಯೂಟರಿನಲ್ಲಿ ನೋಡಬೇಕು. ಅಡುಗೆಯವಳಿಗೆ ಬಡ್ತಿ ಕೊಟ್ಟು ಮೆನು ಓದಲು ಕೂರಿಸಿದ ಹಾಗೆ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು "ಥ್ಯಾಂಕ್ಸ್ ಸಾರ್".

ವೈಟ್‌ಫೀಲ್ಡಿನಿಂದ ವಾರಕ್ಕೆರಡು ದಿನ ಬರುವ ಎಚ್.ಆರ್. ಹುಡುಗಿ ಐಶ್ವರ್ಯ ಒಂದು ಫಾರಂ ಕೊಟ್ಟಳು. ಮೇಲೆ ನನ್ನ ಫೋಟೊ, ಹೆಸರು, ಕೆಳಗೆ ಪ್ರಶ್ನೆಗಳು, ಒಂದೊಂದಕ್ಕೂ ಉತ್ತರ ಬರೆಯಲು ಗೆರೆ ಎಳೆದ ಒಂದು ಡಬ್ಬಿ. ಶುಕ್ರವಾರದೊಳಗೆ ತುಂಬಿ ಸಹಿ ಮಾಡಿದರೆ ಕ್ಯಾಬಿನ್ ನನ್ನದು. ಮೂರನೇ ಪ್ರಶ್ನೆ ಹೀಗಿತ್ತು: ಬಾಲ್ಯದಲ್ಲಿ ನೀವು ಏನಾಗುವ ಕನಸು ಕಂಡಿದ್ದಿರಿ? ಈಗಿನ ಕೆಲಸ ಅದಕ್ಕೆ ಎಷ್ಟು ಹತ್ತಿರ? ನನಗೆ ಇದ್ದಕ್ಕಿದ್ದಂತೆ ಒಂದು ದಾರಿ ಕಂಡಿತು. ನಾನು ಚಿಕ್ಕಂದಿನಿಂದಲೂ ಇದೇ ಮೇಜಿಗಾಗಿ ಹುಟ್ಟಿದವಳು ಎಂದು ಈ ಡಬ್ಬಿಯಲ್ಲಿ ಸಾಬೀತು ಮಾಡಿದರೆ, ಯಾರಿಗೂ ಬೇಸರವಾಗದಂತೆ ಕ್ಯಾಬಿನ್ ತಪ್ಪಿಸಿಕೊಳ್ಳಬಹುದಲ್ಲ! ಅಂದರೆ ನನಗೆ ಒಂದು ಬಾಲ್ಯದ ಕನಸು ತುರ್ತಾಗಿ ಬೇಕಾಗಿತ್ತು.

ನನ್ನ ನೆನಪಿನಲ್ಲಿ ಒಂದಿತ್ತು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು, ನಾವು ಕ್ವಾರ್ಟರ್ಸಿನಲ್ಲಿದ್ದೆವು. ಬೆಳಿಗ್ಗೆ ಸೈರನ್ ಕೂಗಿದರೆ ಇಡೀ ಬಡಾವಣೆಯ ಸ್ಟವ್‌ಗಳು ಆರುತ್ತಿದ್ದವು, ಸೈಕಲ್‌ಗಳು ಹೊರಡುತ್ತಿದ್ದವು. ನಾನು ಆ ಸೈರನ್ ಕೂಗಿಸುವವಳಾಗಬೇಕು ಎಂದುಕೊಂಡಿದ್ದೆ. ಕೂಗಿಸುವವನು ಕಣ್ಣಿಗೆ ಕಟ್ಟಿದಂತಿದ್ದಾನೆ: ಖಾಕಿ ಅಂಗಿ, ದಪ್ಪ ಮೀಸೆ, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಹಗ್ಗ. ಇದು ಮೇಜಿಗೆ ಹೊಂದುವುದಿಲ್ಲವಾದರೂ ಹೇಗೋ ತಿರುಗಿಸಿ ಕೂರಿಸಬಹುದು ಎಂದು, ಚಂದಾಪುರದಲ್ಲಿರುವ ಅಕ್ಕ ಪ್ರೇಮಾಗೆ ಫೋನ್ ಮಾಡಿದೆ. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಾತಿನಲ್ಲೂ ಅಂಕ ಕಳೆಯುತ್ತಾಳೆ.

"ಹಗ್ಗ ಎಳೆದ್ರೆ ಗಂಟೆ ಹೊಡಿಯತ್ತೆ ಕಣೇ, ಸೈರನ್ ಅಲ್ಲ. ಅದಕ್ಕೆ ಟೈಮರ್ ಇತ್ತು. ಅಲ್ಲಿ ಮನುಷ್ಯನೇ ಇರ್ಲಿಲ್ಲ."

"ಮೀಸೆ ಇತ್ತಲ್ಲೇ ಅವನಿಗೆ?"

"ಆ ಮೀಸೆ ರೇಷನ್ ಅಂಗಡಿಯವನದ್ದು. ಅದಿರ್ಲಿ, ಕ್ಯಾಬಿನ್ ಯಾವಾಗ? ಫೋಟೊ ಕಳ್ಸು."

ಹೀಗೆ ನಲವತ್ತು ವರ್ಷ ನನ್ನೊಳಗೆ ಹಗ್ಗ ಎಳೆಯುತ್ತಿದ್ದ ಮನುಷ್ಯ ಒಂದು ನಿಮಿಷದಲ್ಲಿ ಕೆಲಸ ಕಳೆದುಕೊಂಡ.

ಅಮ್ಮ ನಮ್ಮ ಜೊತೆಯೇ ಮಾದನಾಯಕನಹಳ್ಳಿಯಲ್ಲಿದ್ದಾಳೆ. ಅವಳನ್ನು ಕೇಳಿದೆ. "ನೀನಾ? ಡಾಕ್ಟ್ರಾಗ್ತೀನಿ ಅಂತಿದ್ದೆ" ಎಂದಳು ತಕ್ಷಣ. ಅಕ್ಕ? "ಅವ್ಳೂ ಡಾಕ್ಟ್ರೇ." ಅಮ್ಮನ ನೆನಪಿನಲ್ಲಿ ಆ ಕ್ವಾರ್ಟರ್ಸಿನ ಮಕ್ಕಳೆಲ್ಲ ಡಾಕ್ಟರಾಗಬೇಕೆಂದಿದ್ದವರೇ, ಆಗಿದ್ದರೆ ಕಾಯಿಲೆಯವರು ಸಾಲುತ್ತಿರಲಿಲ್ಲ. ಸರಿ ಎಂದು ಏಳುತ್ತಿದ್ದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ, "ಆದ್ರೆ ಒಂದು, ನೀನು ಅಕ್ಕೀಲಿ ಕಲ್ಲು ಎಷ್ಟು ಚೆನ್ನಾಗಿ ಆರಿಸ್ತಿದ್ದೆ! ರೇಷನ್ ಅಕ್ಕಿ ಬಂತು ಅಂದ್ರೆ ಮೊರ ಹಿಡ್ಕೊಂಡು ಕೂತ್ಬಿಡೋಳು. ಅಕ್ಕಪಕ್ಕದವರೂ ಸ್ವಲ್ಪ ಶಶೀನ ಕಳ್ಸಿ ಅಂತ ಕರೀತಿದ್ರು" ಎಂದಳು.

ನಾನು ಹಾಗೇ ಕೂತುಬಿಟ್ಟೆ. ಕಲ್ಲು! ಮೊರ! ಬಿಳಿಯ ಅಕ್ಕಿಯಲ್ಲಿ ಬಿಳಿಯ ಕಲ್ಲನ್ನು ಹಿಡಿಯುವ ಪುಟ್ಟ ಬೆರಳು! ಮೂರನೇ ಡಬ್ಬಿಗೆ ಇದಕ್ಕಿಂತ ಒಳ್ಳೆಯ ಉತ್ತರ ಭೂಮಿಯ ಮೇಲೆ ಇರಲಾರದು. ಪೆನ್ಸಿಲಿನಲ್ಲಿ ಬರೆದೂಬಿಟ್ಟೆ. ಬರೆದು ಓದಿದೆ. ಎಷ್ಟು ನುಣ್ಣಗಿತ್ತೆಂದರೆ ಮೈ ಜುಮ್ಮೆಂದಿತು, ಅದರ ಹಿಂದೆಯೇ ಅನುಮಾನ ಬಂತು. ಎಲ್ಲೂ ಉಗುರಿಗೆ ಸಿಗುತ್ತಿಲ್ಲವಲ್ಲ! ಗೇಜನ್ನೇ ನೋಡಬೇಕು. ಮತ್ತೆ ಅಕ್ಕನಿಗೆ ಫೋನ್.

"ಲೇ, ಮೊರ ಹಿಡ್ಕೊಂಡು ಕೂತಿದ್ದು ನಾನು! ನೀನು ಪಕ್ಕದಲ್ಲಿ ಕೂತು ನಾನು ಆರಿಸಿಟ್ಟ ಹಸಿ ಅಕ್ಕೀನ ಮುಕ್ಕುತಿದ್ದೆ. ಹೊಟ್ಟೇಲಿ ಹುಳ ಆಗಿ ಔಷಧಿ ಕುಡಿಸಿದ್ರು, ಮರ್ತೋಯ್ತಾ?"

ಫೋನನ್ನು ಅಮ್ಮನ ಕಿವಿಗಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇಬ್ರೂ ಇದ್ರಿ ಕಣ್ರೇ. ಒಬ್ಳು ಆರಿಸ್ತಿದ್ಲು, ಒಬ್ಳು ತಿಂತಿದ್ಲು. ಯಾರು ಯಾವುದು ಅಂತ ಈಗ ನಂಗೆಲ್ಲಿ ಗೊತ್ತು?" ಎಂದು ಹುರುಳಿಕಾಯಿಗೆ ಮರಳಿದಳು. ನಾನು ರಬ್ಬರ್ ಹುಡುಕಿದೆ.

ಗುರುವಾರ ಸಂಜೆ. ಫಾರಂ ನನ್ನ ಮೇಜಿನ ಮೇಲೆ, ಮೂರನೇ ಡಬ್ಬಿ ಖಾಲಿ, ಉಳಿದದ್ದೆಲ್ಲ ತುಂಬಿ ಸಹಿಗೆ ಪೆನ್ನು ಎತ್ತಿದ್ದೆ. ಕೊನೆಯ ಸಲ ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಒಂದು, ಎರಡು, ಮೂರು, ನಾಲ್ಕು, ಆರು. ಐದನೇ ಪ್ರಶ್ನೆಯೇ ಇಲ್ಲ! ಮುಂದಿನದನ್ನು ಮಾಡಿದ್ದು ನನ್ನ ಕೈ, ನಾನಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ತಪ್ಪಿರುವ ವಸ್ತು ಏನೇ ಸಿಗಲಿ, ದಾರ ಪೋಣಿಸಿದ ಒಂದು ಕೆಂಪು ಚೀಟಿ ಕಟ್ಟಿ ಕೆಂಪು ತಟ್ಟೆಗೆ ಹಾಕಬೇಕು. ಚೀಟಿಯಲ್ಲಿ ದೋಷವೇನೆಂದು ಬರೆದು, ಅಚ್ಚು ಹಾಕಿರುವ ಮೂರು ಮಾತುಗಳಲ್ಲಿ ಒಂದಕ್ಕೆ ಗುರುತು ಮಾಡಬೇಕು: ಗುಜರಿಗೆ ಹಾಕಿ, ಮತ್ತೆ ಸರಿಮಾಡಿ, ಇದ್ದ ಹಾಗೇ ಬಳಸಿ. ಮೂರನೆಯದು ಅಪರೂಪ. ಅಳತೆಗೆ ಬಂದಿಲ್ಲ, ಆದರೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದರ್ಥ. ಅದಕ್ಕೆ ಯಜಮಾನರ ಸಹಿ ಬೇಕೇ ಬೇಕು. ನಾನು ಫಾರಂನ ಮೂಲೆಗೆ ತೂತು ಹೊಡೆದು, ಚೀಟಿ ಕಟ್ಟಿ, 'ದೋಷ: ನಡುವೆ ಒಂದು ಕಾಣೆಯಾಗಿದೆ' ಎಂದು ಬರೆದು, 'ಮತ್ತೆ ಸರಿಮಾಡಿ'ಗೆ ಗುರುತು ಹಾಕಿ, ಕೆಂಪು ತಟ್ಟೆಗೆ ಹಾಕಿ, ಕೈ ತೊಳೆದು, ಮೆಟ್ರೊ ಹತ್ತಿದೆ. ಎರಡು ಸ್ಟೇಷನ್ ದಾಟಿದ ಮೇಲೆ ನೆನಪಾಯಿತು. ಕೆಂಪು ತಟ್ಟೆ ಬೆಳಿಗ್ಗೆ ಮೊದಲು ಹೋಗುವುದು ರುದ್ರಪ್ಪನವರ ಮೇಜಿಗೆ.

ಶುಕ್ರವಾರ ನಾನು ಚಪ್ಪಲಿ ಬಿಡುವ ಮೊದಲೇ ಕರೆ ಬಂತು. ಅವರು ಫಾರಂ ಅನ್ನು ಚೀಟಿಯ ದಾರದಿಂದ ಎತ್ತಿ ಹಿಡಿದಿದ್ದರು. ನನ್ನ ಫೋಟೊ ಗಾಳಿಯಲ್ಲಿ ತಿರುಗುತ್ತಿತ್ತು.

"ಏನ್ರೀ ಮೇಡಂ, ನಿಮ್ಮನ್ನ ನೀವ ರಿಜೆಕ್ಟ್ ಮಾಡ್ಕೊಂಡೀರಲ್ರೀ!"

"ಇಲ್ಲ ಸಾರ್, ಅದು ಫಾರಂದು... ಐದು ಇರ್ಲಿಲ್ಲ..."

"ನಡುವ ಒಂದು ಕಾಣೆಯಾಗೇತಿ ಅಂತ ಬರದೀರಿ. ರಾತ್ರಿಯೆಲ್ಲ... ಅಲ್ಲ, ಮುಂಜಾನಿಂದ ಅದನ್ನ ವಿಚಾರ ಮಾಡಾಕತ್ತೇನಿ. ಏನ್ ಕಾಣೆಯಾಗೇತ್ರೀ ನಿಮಗ? ಏನ್ ಸರಿಮಾಡ್ಬೇಕು ಹೇಳ್ರಿ. ಎ.ಸಿ. ಸಣ್ಣದಾತೇನು?"

ಐದನೇ ನಂಬರ್ ಎಂದು ಹೇಳಿ ಬದುಕಿಕೊಳ್ಳಬಹುದಿತ್ತು. ಆದರೆ ಆ ಹೊತ್ತಿಗೆ ಅವರ ಕ್ಯಾಬಿನ್ನಿನ ಬಾಗಿಲ ಮೇಲೆ ನನ್ನ ಕಣ್ಣು ಬಿತ್ತು. ಎ.ಸಿ. ಓಡುತ್ತಿತ್ತು, ಬಾಗಿಲು ಒಂದು ಗೇಣು ತೆರೆದಿತ್ತು. ಮುಚ್ಚಿಕೊಳ್ಳಬಾರದೆಂದು ಕೆಳಗೆ ಒಂದು ಹಿತ್ತಾಳೆಯ ತುಂಡು ಸಿಕ್ಕಿಸಿದ್ದರು. ಅವರು ಮಾತಿನ ಮಧ್ಯೆ ತಲೆ ಓರೆ ಮಾಡಿ, "ಮೂರನೇ ಲೇಥ್ ಕೆಮ್ಮಾಕತ್ತೈತಿ" ಎಂದರು ತಮಗೇ ಎಂಬಂತೆ. ಆ ಮನುಷ್ಯ ಇಪ್ಪತ್ತು ವರ್ಷದ ಹಿಂದೆ ಅದೇ ಲೇಥಿನ ಮುಂದೆ ನಿಂತಿದ್ದವರು. ನನಗೆ ಧೈರ್ಯ ಬಂತು. ಚೀಟಿ ತೆಗೆದುಕೊಂಡು, 'ಮತ್ತೆ ಸರಿಮಾಡಿ' ಎಂಬುದನ್ನು ಹೊಡೆದುಹಾಕಿ, 'ಇದ್ದ ಹಾಗೇ ಬಳಸಿ' ಎಂಬುದಕ್ಕೆ ಗುರುತು ಹಾಕಿ ಅವರ ಮುಂದಿಟ್ಟೆ.

"ಇದಕ್ಕೆ ನಿಮ್ಮ ಸಹಿ ಬೇಕು ಸಾರ್."

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಬಾಗಿಲ ಸಂದಿಯನ್ನು ನೋಡಿದರು. "ಹೊರಗಿನವರನ್ನ ತರ್ಬೇಕಾಗತೈತಿ. ಅವರು ನಿಮ್ಮ ಮ್ಯಾಲೆ ಬರ್ತಾರ. ಆಮ್ಯಾಲೆ ಅಳಬ್ಯಾಡ್ರಿ ಮತ್ತ." ಸಹಿ ಮಾಡಿದರು. ಮಾಡುತ್ತ, ಸಣ್ಣ ದನಿಯಲ್ಲಿ, "ನನಗೂ ಇಂಥಾ ಒಂದ್ ಚೀಟಿ ಯಾರರ ಕಟ್ಟಿದ್ರ ಚಲೋ ಇತ್ತು" ಎಂದರು.

ಜಿಗಣಿಯಿಂದ ಹೊಸ ಮ್ಯಾನೇಜರ್ ಬಂದರು. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಮೊದಲ ದಿನವೇ ನನ್ನ ಕೈ ನೋಡಿ, "ಮೇಡಂ, ಸೇಫ್ಟಿ ಪ್ರಕಾರ ಉಗುರು ಕಟ್ ಮಾಡ್ಬೇಕು" ಎಂದರು. ವಿಷಯ ಇನ್ನೂ ಪರಿಶೀಲನೆಯಲ್ಲಿದೆ.

ಐಶ್ವರ್ಯ ಮಾತ್ರ ಬಿಡಲಿಲ್ಲ. "ಮೇಡಂ, ಪ್ರಮೋಷನ್ ಬೇಡ ಅಂದ್ರೂ ಫಾರಂ ಕ್ಲೋಸ್ ಮಾಡ್ಬೇಕು. ಮೂರನೇ ಬಾಕ್ಸ್ ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳಲ್ಲ. ಏನಾದ್ರೂ ಒಂದು ಹೇಳಿ, ಪ್ಲೀಸ್." ಲ್ಯಾಪ್‌ಟಾಪ್ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ನನ್ನ ಬಾಯಿ ತಾನಾಗಿ ತೆರೆಯಿತು: "ಚಿಕ್ಕಂದಿನಲ್ಲಿ ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ."

ಹುಡುಗಿಯ ಕಣ್ಣು ಹೊಳೆಯಿತು. "ಅಯ್ಯೋ, ಎಷ್ಟು ಚೆನ್ನಾಗಿದೆ ಮೇಡಂ! ಇದು ನಿಜಾನಾ?"

"ಇದ್ದ ಹಾಗೇ ಬಳಸಿ" ಎಂದೆ.

ಬಳಸಿದಳು. ಆಯುಧಪೂಜೆಯ ದಿನ ಕಾರ್ಖಾನೆಯ ಬಾಗಿಲಲ್ಲಿ ನನ್ನ ಫೋಟೊ, ಅದರ ಕೆಳಗೆ ದೊಡ್ಡಕ್ಷರದಲ್ಲಿ ಆ ಮಾತು, ಸುತ್ತ ಚೆಂಡುಹೂವು. ಯಂತ್ರಗಳಿಗೆಲ್ಲ ಕುಂಕುಮ, ಪುರಿ, ಬೂದುಗುಂಬಳಕಾಯಿ. ಪೂಜೆಗೆಂದು ಅಮ್ಮನೂ ಅಕ್ಕನೂ ಬಂದಿದ್ದರು. ಅಮ್ಮ ಓದಿ, "ನಾನು ಹೇಳ್ಲಿಲ್ವಾ?" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಮುಂದೆ ಹೋದಳು. ಅಕ್ಕ ಅಲ್ಲೇ ನಿಂತಳು. ಎರಡು ಸಲ ಓದಿದಳು. ಆಮೇಲೆ ತನ್ನ ಹೆಬ್ಬೆರಳಿನ ಉಗುರನ್ನು ಆ ಸಾಲಿನ ಕೆಳಗೆ ನಿಧಾನವಾಗಿ ಎಳೆದು, 'ನಾನು' ಎಂಬ ಮಾತಿನ ಹತ್ತಿರ ನಿಲ್ಲಿಸಿ, "ಇಲ್ಲಿ ಸಿಗ್ತಿದೆ ಕಣೇ" ಎಂದಳು.

ಪೂಜೆ ಮುಗಿದಿತ್ತು. ಅಕ್ಕ ಕಳಶದ ಕೆಳಗಿನ ತಟ್ಟೆಯಿಂದ ಒಂದು ಚಿಟಿಕೆ ಹಸಿ ಅಕ್ಕಿ ತೆಗೆದು ನನ್ನ ಅಂಗೈಗೆ ಹಾಕಿದಳು. "ತಗೋ, ತಿನ್ನು. ನಿನ್ನ ಬಾಲ್ಯದ ಕನಸು."

ಬಾಯಿಗೆ ಹಾಕಿಕೊಂಡೆ. ರುಚಿ ಪರಿಚಿತವಾಗಿತ್ತು, ಎಷ್ಟು ಪರಿಚಿತವೆಂದರೆ ಅಕ್ಕನ ಮುಖ ನೋಡಲಾಗಲಿಲ್ಲ. ಎರಡನೇ ಸಲ ಅಗಿಯುವಾಗ ಹಲ್ಲಿಗೆ ಕಲ್ಲು ಸಿಕ್ಕಿತು.