ಮಿಂಚೆ ಹತ್ತಿದ ಧಾರೆ ಸೀರೆ

ಮುನಿಸಿಕೊಂಡ ಬೀಗರನ್ನು ಒಂದೇ ಜಮಖಾನದ ಮೇಲೆ ಕೂರಿಸಬಹುದು, ಎರಡು ತಂತ್ರಾಂಶಗಳನ್ನು ಜೋಡಿಸುವುದು ನನ್ನಂಥವನ ಕೆಲಸವಲ್ಲ. ಇದು ಗೊತ್ತಾಗುವ ಹೊತ್ತಿಗೆ ನಾನು ಜೋಡಿಸಿಯಾಗಿತ್ತು.

ನನ್ನ ಮಾವನವರು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಆ ಸೀರೆಗಳ ಬಗ್ಗೆ ನಾನು ಚಳ್ಳಕೆರೆಯಲ್ಲಿ ಕೂತು ಬ್ಲಾಗ್ ಬರೆಯುತ್ತೇನೆ. ಅದರಲ್ಲಿ ಸೀರೆಗಿಂತ ನನ್ನ ವಿಷಯವೇ ಹೆಚ್ಚು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ; ಇರಲಿ. ಬರೆದದ್ದನ್ನು ಊರಿನ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಮಿಂಚೆಯಲ್ಲಿ ಕಳಿಸಿ ಸಾಕಾಗಿ, ಅದು ತಾನಾಗಿಯೇ ಹೋಗಲಿ ಎಂದು ಮೇಲಿಂಗ್ ಲಿಸ್ಟ್ ತಂತ್ರಾಂಶವೊಂದನ್ನು ಬ್ಲಾಗಿಗೆ ಕಟ್ಟಲು ಹೊರಟೆ. ಇದು ಕೀಲಿ ಕೇಳಿದರೆ ಅದು ಕೊಡದು, ಅದು ಕೊಟ್ಟರೆ ಇದು ಒಪ್ಪದು. ಮಧ್ಯಾಹ್ನದ ಊಟ ಆರಿಹೋದ ಮೇಲೆ ಅಂತೂ 'ಜೋಡಣೆ ಯಶಸ್ವಿ' ಎಂದು ಬಂತು. ಅದರ ಕೆಳಗೇ 'ಇತ್ತೀಚಿನ ಬರಹವನ್ನು ಎಲ್ಲರಿಗೂ ಕಳಿಸಲಾಗಿದೆ' ಎಂದಿತ್ತು.

ಇತ್ತೀಚಿನ ಬರಹ ಎಂದರೆ ಎಣ್ಣೆ ಗಿರಣಿಯವರ ಮಗಳ ಧಾರೆ ಸೀರೆಯದು. ಮದುವೆ ಮುಗಿದ ಮೇಲೆ ಹಾಕೋಣವೆಂದು ಚಿತ್ರ ಸಮೇತ ಕರಡಾಗಿ ಇಟ್ಟಿದ್ದೆ; ತಂತ್ರಾಂಶ ಕರಡನ್ನೂ ಬಿಟ್ಟಿರಲಿಲ್ಲ. ಧಾರೆ ಸೀರೆ ಮದುಮಗಳು ಉಡುವ ಮೊದಲು ಹೊರಗಿನವರ ಕಣ್ಣಿಗೆ ಬೀಳಬಾರದೆಂಬುದು ಮಾವನವರ ಮನೆಯ ಕಟ್ಟುನಿಟ್ಟು. ಮಗ್ಗದ ಮೇಲಿರುವಾಗಲೇ ಅದಕ್ಕೆ ಪಂಚೆ ಹೊದಿಸಿಡುತ್ತಾರೆ. ಹುಡುಗಿಯ ತಾಯಿಗೆ ಮಾತು ಬೇರೆ ಕೊಟ್ಟಿದ್ದರು. ಸೀರೆ ವಾಪಸು ಬಂದರೆ ಬರಲಿ, ಮಾವನವರ ಮಾತು ಹೋಗುತ್ತದಲ್ಲ ಎಂದು ಸಂಕಟವಾಯಿತು. ಇವತ್ತಿಗೂ ತೆಲುಗಿನಲ್ಲಿ ನನ್ನನ್ನು ಮರ್ಯಾದೆಯಿಂದ 'ಅಲ್ಲುಡುಗಾರು', ಅಂದರೆ ಅಳಿಯಂದಿರೇ, ಎಂದು ಕರೆಯುವ ಹಿರಿಯರು ಅವರು. ಏನೆಂದು ಮುಖ ತೋರಿಸಲಿ?

ಅಷ್ಟರಲ್ಲಿ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ತಿಪ್ಪೇಶನ ಫೋನ್ ಬಂತು.

"ಏನ್ರೀ ಸಾರ್ ಇದು, 'ಧಾರೆ ಸೀರೆ' ಅಂತ ಒಂದೇ ಮೇಲು ಫೋನ್ ತುಂಬಾ ಬಂದೈತೆ?"

"ನಿನಗ್ಯಾಕೆ ಬಂತಪ್ಪಾ?"

"ಎಲ್ರದೂ ನನಗೇ ಬರೋದು ರೀ. ರೇಷನ್ ಕಾರ್ಡು, ಪಹಣಿ ಅಂತ ಬಂದೋರಿಗೆಲ್ಲ ನಾನೇ ಮೇಲ್ ಐಡಿ ಮಾಡಿಕೊಟ್ಟೀನಿ. ಪಾಸ್‌ವರ್ಡ್ ಅವರಿಗೆ ಗೊತ್ತೂ ಇಲ್ಲ, ಕೇಳೋದೂ ಇಲ್ಲ."

"ಗಿರಣಿಯವರದು? ಅವರ ನೆಂಟರದು?"

"ಎಲ್ಲಾ ಇಲ್ಲೇ ಐತೆ ರೀ."

ಹೋದ ಜೀವ ಬಂದಂತಾಯಿತು. ಒಂದನ್ನೂ ತೆರೆಯದೆ ಅಳಿಸಿಬಿಡಪ್ಪಾ ಎಂದು ಅಂಗಲಾಚಿದೆ.

"ಅದಕ್ಯಾಕೆ ಇಷ್ಟೊಂದು ಕೇಳ್ಕೊಂತೀರಿ? ನಿಮ್ಮ ಹೆಸರಲ್ಲಿ ಬಂದಿದ್ದನ್ನ ಮೊದಲಿಂದಲೂ ಹಂಗೇ ಮಾಡ್ತೀನಿ."

ಅವನಿಗೆ ಮನಸಾರೆ ಕೈಮುಗಿದು ಊಟಕ್ಕೆ ಕುಳಿತೆ. ಆರಿದ ಅನ್ನವೂ ಅಮೃತದಂತಿತ್ತು. ಮಾವನವರ ಮಾತು ಉಳಿಯಿತೆಂಬ ಸಂತೋಷದಲ್ಲಿ ಇನ್ನೊಂದು ಸಲ ಸಾರು ಬಡಿಸಿಕೊಂಡೆ. ಆಮೇಲೆ ಯೋಚನೆ ಹತ್ತಿತು: ಪೇಟೆಯಲ್ಲಿ ಸಿಕ್ಕಾಗಲೆಲ್ಲ ಕೈಹಿಡಿದು ನಿಲ್ಲಿಸಿ, "ನಿಮ್ದು ಓದಿದ್ವಿ ರೀ, ಭಾಳ ಚೆಂದ ಐತೆ" ಎನ್ನುತ್ತಿದ್ದ ಅಷ್ಟೂ ಜನ ಓದಿದ್ದಾದರೂ ಏನನ್ನು?