ಎದುರು ಮನೆಯ ಕಂಪ್ಯೂಟರು, ನಮ್ಮ ಮನೆಯ ಸ್ಕ್ರೂಗಳು

ಮನೆಯಲ್ಲಿ ಒಂದು ಸಾವಾದರೆ ಉಳಿದವರು ತಾವಾಗಿಯೇ ಒಳ್ಳೆಯವರಾಗುತ್ತಾರೆ ಎಂದು ಜನ ನಂಬಿದ್ದಾರೆ. ನಮ್ಮ ಮನೆಯವರು ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ನನ್ನನ್ನು ಹಾಗೇ ನೋಡಿದರು, ಆಸೆಗಳೆಲ್ಲ ಸುಟ್ಟುಹೋಗಿ ತಣ್ಣಗೆ ಕುಳಿತ ಹೆಂಗಸು ಎಂಬಂತೆ. ನಾನೂ ಕೆಲವು ದಿನ ಅದನ್ನೇ ನಂಬಿದ್ದೆ. ಊಟ ಬೇಡವಾಗಿತ್ತು, ನಿದ್ದೆ ಬರುತ್ತಿರಲಿಲ್ಲ, ಟಿವಿ ಹಚ್ಚುವ ಮನಸ್ಸಿರಲಿಲ್ಲ. ಹೊಟ್ಟೆಕಿಚ್ಚು ಒಂದು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಓಣಿಯಲ್ಲಿ ಯಾರದೋ ಗಂಡ ಬಾಗಿಲಲ್ಲಿ ನಿಂತು "ಚಾ ಆತೇನು?" ಎಂದು ಕೂಗಿದರೆ ಸಾಕು, ಒಳಗೆ ಕೆಂಡ ಕೆದರಿದಂತಾಗುತ್ತಿತ್ತು. ನನಗೆ ಸಮಾಧಾನ ಹೇಳಲು ಬಂದವಳು ನಡುವೆ "ನಮ್ಮನಿಯವರಿಗಿ ಮುಂಜಾನಿಯಿಂದ ನೆಗಡಿ" ಎಂದರೂ, ನೆಗಡಿಯಾಗಲಿಕ್ಕೆ ಇವಳಿಗೆ ಒಬ್ಬರು ಇದ್ದಾರಲ್ಲ ಎನ್ನಿಸುತ್ತಿತ್ತು. ಪಾಪ, ಅವಳು ನನ್ನ ಬೆನ್ನು ಸವರುತ್ತಿದ್ದಳು.

ನಾನು ಕಲಬುರಗಿ ಕಡೆಯ ವಾಡಿಯಲ್ಲಿ ಮನೆಯಲ್ಲೇ ಕುಳಿತು ಬ್ಲೌಸು ಹೊಲಿಯುವವಳು. ಓದಿದ್ದು ಹತ್ತನೆಯ ತರಗತಿ. ನಮ್ಮ ಮನೆಯವರು ರಾವೂರ ಕಡೆಯ ಒಂದು ಕಲ್ಲಿನ ಘಟಕದಲ್ಲಿ ಕಲ್ಲು ಕೊಯ್ಯುವ ಮಷಿನುಗಳ ಫಿಟ್ಟರ್ ಆಗಿದ್ದರು. ಅವರು ಅಂಗಡಿಯಿಂದ ಒಂದು ವಸ್ತುವನ್ನು ಇಡಿಯಾಗಿ ತಂದದ್ದು ನನಗೆ ನೆನಪಿಲ್ಲ. ತರುತ್ತಿದ್ದದ್ದು ಬಿಡಿಭಾಗ. ಒಂದು ಬೇಸಿಗೆಯಲ್ಲಿ ತಗಡು ಕತ್ತರಿಸಿ, ಎಲ್ಲಿಂದಲೋ ಮೋಟಾರು ತಂದು, ತಾವೇ ಕೂಲರ್ ಮಾಡಿದರು. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದು ಅದುರುತ್ತ ಅದುರುತ್ತ ನಡೆಯುತ್ತಿತ್ತು. ಮಧ್ಯಾಹ್ನ ಕಿಟಕಿಯ ಹತ್ತಿರ ಹಚ್ಚಿ ಮಲಗಿದರೆ, ಏಳುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಕೊನೆಗೆ ಎಮ್ಮೆ ಕಟ್ಟುವಂತೆ ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದೆವು. ಎದುರು ಮನೆಯ ಕಸ್ತೂರಕ್ಕನ ಕೂಲರ್ ಅಂಗಡಿಯದು. ಇಟ್ಟಲ್ಲೇ ಇರುತ್ತಿತ್ತು. ನಾನು ಅದನ್ನು ಹೇಳಿ ತೋರಿಸಿದರೆ ಇವರು, "ಅಂಗಡಿದು ಅಂದ್ರ ಯಾವನೋ ಬಿಗದ ಸ್ಕ್ರೂ. ಇದು ನಾ ಬಿಗದಿದ್ದು. ಎಲ್ಲಿ ಸಡ್ಲ ಅದ ಅಂತ ನನಗ ಗೊತ್ತಿರ್ತದ" ಎನ್ನುತ್ತಿದ್ದರು. ಸಡಿಲವಾಗಿದ್ದು ಗೊತ್ತಿದ್ದರೆ ಬಿಗಿಯಬಹುದಲ್ಲ ಎಂದು ಕೇಳಿದರೆ ಹಗ್ಗದ ಗಂಟನ್ನು ಇನ್ನೊಂದು ಸಲ ಬಿಗಿಯುತ್ತಿದ್ದರು.

ಹೀಗಾಗಿ ಕಸ್ತೂರಕ್ಕನ ಮನೆಯ ವಸ್ತುಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು ನನಗೆ ಹೊಸದಲ್ಲ. ಈ ಸಲ ಅವರ ಮನೆಗೆ ಬಂದದ್ದು ಆಟ ಆಡುವ ಕಂಪ್ಯೂಟರು. ಗೇಮಿಂಗ್ ಪಿಸಿ ಎನ್ನಬೇಕಂತೆ. ಮಗನಿಗೆಂದು ತಂದದ್ದು. ಕರಿ ಡಬ್ಬಿ, ಒಂದು ಮಗ್ಗುಲಿಗೆ ಗಾಜು, ಒಳಗೆ ತಿರುಗುವ ಫ್ಯಾನುಗಳು, ಫ್ಯಾನಿಗೆಲ್ಲ ಬಣ್ಣ ಬದಲಿಸುವ ದೀಪ. ಸಂಜೆಯಾದರೆ ಅವರ ಕಿಟಕಿಯ ಪರದೆ ಒಮ್ಮೆ ನೀಲಿ, ಒಮ್ಮೆ ಕೆಂಪು, ಒಮ್ಮೆ ಹಸಿರು. ದೀಪಾವಳಿ ಊರಿಗೆಲ್ಲ ಮುಗಿದಿತ್ತು, ಅವರ ಮನೆಯಲ್ಲಿ ಮುಗಿದಿರಲಿಲ್ಲ.

"ಏನೂ ತಲಿಬ್ಯಾನಿ ಇಲ್ಲ ನೋಡ್ರಿ ಶಾಂತಕ್ಕ," ಎಂದಳು ಕಸ್ತೂರಕ್ಕ, ಬ್ಲೌಸಿನ ಅಳತೆ ಕೊಡಲು ಬಂದವಳು. "ಡಬ್ಬಿ ಒಡಿ, ಪಿನ್ನು ಚುಚ್ಚು, ಚಾಲೂ. ನಮ್ಮವರು ಹೈದರಾಬಾದಿಗಿ ಹೋಗಿ ತಂದ್ರು. ರೈಲಿನ್ಯಾಗ ಎಲ್ಲೂ ಇಡ್ಲಿಲ್ಲಂತ. ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ರಂತ, ಕೂಸಿನಂಗ."

ಕಂಪ್ಯೂಟರು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಆ ತೊಡೆ ಕಾಡಿತು. ಅವಳ ತೋಳಿನ ಅಳತೆಯನ್ನು ಅರ್ಧ ಇಂಚು ಕಡಿಮೆ ಬರೆದುಕೊಂಡೆ. ಅವಳು ಹೋದ ಮೇಲೆ ಸರಿ ಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ನನ್ನ ಮಗಳು ಸುನೀತಾ ಚಿತ್ತಾಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಾಳೆ. ಅವಳಿಗೂ ಇಂಥದೊಂದು ಕಂಪ್ಯೂಟರು ಬೇಕಿತ್ತು. ಕೆಲಸಕ್ಕೂ ಆಗುತ್ತದೆ, ಆಟಕ್ಕೂ ಆಗುತ್ತದೆ. ಅಪ್ಪನ ವರ್ಷದ ಕಾರ್ಯ ಮುಗಿಯಲಿ ಎಂದು ಸುಮ್ಮನಿದ್ದಳು. ಮುಗಿದ ಮೇಲೆ ನಾನೇ ಮಾತು ತೆಗೆದೆ. "ನೀನೂ ಒಂದು ರೆಡಿಮೇಡ್ ತಂದುಬಿಡು. ದೊಡ್ಡ ಡಬ್ಬಿದು. ಕಸ್ತೂರಕ್ಕನ ಮನಿ ಮುಂದಿಂದೇ ಹೊತಗೊಂಡು ಬಾ." ಆ ಕೊನೆಯ ಮಾತಿನಲ್ಲಿ ನನ್ನ ಇಡೀ ಯೋಜನೆ ಇತ್ತು.

"ರೆಡಿಮೇಡ್ ಬ್ಯಾಡವ್ವ," ಎಂದಳು. "ಸಾಮಾನು ತರಸಿ ನಾನೇ ಜೋಡಸ್ತೀನಿ."

"ಯಾಕ? ಕೆಟ್ರ ಯಾರಿಗಿ ಹಿಡಿಯೋದು? ಒಂದು ಅಂಗಡಿದು ಆದ್ರ ಒಬ್ಬವನ ಕುತ್ತಿಗಿ ಹಿಡಿಬಹುದು. ಹತ್ತು ಕಡಿ ಸಾಮಾನು ಆದ್ರ ಹತ್ತು ಮಂದಿ ಅಪ್ಪಂದಿರು."

"ರೆಡಿಮೇಡ್ ಬ್ಲೌಸ್ ಹಾಕ್ಕೊಂಡು ಬಂದವ್ರಿಗಿ ನೀ ಏನಂತಿ?"

ರೆಡಿಮೇಡ್ ಬ್ಲೌಸ್ ಬಗ್ಗೆ ನಾನು ಏನೆನ್ನುತ್ತೇನೆ ಎಂಬುದು ವಾಡಿಯ ಅರ್ಧ ಹೆಂಗಸರಿಗೆ ಬಾಯಿಪಾಠವಿದೆ. ಮೇಲೆ ಜರಿ, ಒಳಗೆ ಎರಡು ಸಲ ಒಗೆದರೆ ಚಿಂದಿಯಾಗುವ ಅಸ್ತರು. ಎಲ್ಲರಿಗೂ ಆಗುವ ಅಳತೆ ಎಂದರೆ ಯಾರಿಗೂ ಆಗದ ಅಳತೆ. "ಇದೂ ಅದೇ," ಎಂದಳು ಮಗಳು. "ಹೊರಗ ದೀಪ ಝಗಮಗ ಮಾಡ್ತಾರ, ಒಳಗ ಪವರ್ ಸಪ್ಲೈ ಹಲ್ಕಾದು ಹಾಕಿರ್ತಾರ. ಅಪ್ಪ ಅದನ್ನೇ ಅಂತಿದ್ದ."

"ಅಪ್ಪ ಯಾವಾಗ ಅಂದ?"

"ಐತವಾರ ಐತವಾರ ನಾನೂ ಅಪ್ಪನೂ ವಿಡಿಯೋ ನೋಡ್ತಿದ್ದಿವಲ್ಲ. ಯಾವ ಬೋರ್ಡು, ಯಾವ ಗ್ರಾಫಿಕ್ಸ್ ಕಾರ್ಡು, ಎಲ್ಲಾ ಮಾತಾಡಿದ್ದಿವಿ."

ಭಾನುವಾರ ಊಟವಾದ ಮೇಲೆ ಅಪ್ಪ ಮಗಳು ಒಂದೇ ಫೋನಿಗೆ ತಲೆ ಹಚ್ಚಿ ಕೂರುತ್ತಿದ್ದದ್ದು ನನಗೆ ಗೊತ್ತು. ಕ್ರಿಕೆಟ್ ಎಂದು ತಿಳಿದಿದ್ದೆ. ನಾನು ಪಕ್ಕದಲ್ಲೇ ಕುಳಿತು ಹುಕ್ಕು ಹಚ್ಚುತ್ತಿದ್ದೆ. ಈಗ ನೋಡಿದರೆ ಅಲ್ಲಿ ಒಂದು ಇಡೀ ಸಂಸಾರದಷ್ಟು ಮಾತು ನಡೆದುಹೋಗಿದೆ, ನನಗೆ ಒಂದಕ್ಷರವೂ ಬಂದಿಲ್ಲ. ಸತ್ತ ಗಂಡನ ಮಾತುಗಳೆಲ್ಲ ನನ್ನ ಹತ್ತಿರವೇ ಇವೆ ಎಂದು ನಾನು ಭದ್ರವಾಗಿದ್ದೆ. ಈ ಹುಡುಗಿಯ ಹತ್ತಿರ ನನಗೆ ಗೊತ್ತಿಲ್ಲದ ಅವರು ಅಷ್ಟೊಂದು ಇದ್ದರು. ಕಸ್ತೂರಕ್ಕನ ಕಡೆಗಿದ್ದ ಉರಿ ಅಂದು ರಸ್ತೆ ದಾಟಿ ನಮ್ಮ ಮನೆಯೊಳಗೇ ಬಂತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚುಪಟ್ಟ ತಾಯಿಗೆ ಕನ್ನಡದಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದವರೂ ಹೇಳುವುದು ಬೇಡ.

ಅದರ ಸಿಟ್ಟಿನಲ್ಲಿ ನಾನು ಇನ್ನೂ ಗಟ್ಟಿಯಾಗಿ ರೆಡಿಮೇಡಿನ ಪಕ್ಷ ಹಿಡಿದೆ. ಊಟಕ್ಕೆ ಕುಳಿತಾಗ ವಾರಂಟಿ, ಚಾಗೆ ಕುಳಿತಾಗ ವಾರಂಟಿ. ಸಿಮೆಂಟಿನ ಊರು ಇದು, ಒರೆಸಿದ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಧೂಳು ಕೂತಿರುತ್ತದೆ, ಬಿಚ್ಚಿಟ್ಟ ಸಾಮಾನಿನೊಳಗೆ ಹೋದರೆ ಏನು ಗತಿ ಎಂದು ಹೆದರಿಸಿದೆ. ಮಗಳು ಬಹಳ ಜಗಳವಾಡಲಿಲ್ಲ. ಒಂದು ದಿನ, "ಆತು ಬಿಡವ್ವ. ರೆಡಿಮೇಡೇ ತರೋಣ" ಎಂದಳು. ಅಪ್ಪನ ಸ್ಕ್ರೂಡ್ರೈವರುಗಳ ಚೀಲವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದಳು, ಅದನ್ನು ಮಡಚಿ, ದಾರ ಕಟ್ಟಿ, ಅಟ್ಟದ ಮೇಲಿಟ್ಟಳು. ಗೆದ್ದವಳು ನಾನು. ಆದರೆ ಆ ದಾರ ಕಟ್ಟುವುದನ್ನು ನೋಡಿದ ಮೇಲೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಆಗ ನನಗೆ ಹೊಳೆಯಿತು. ಡಬ್ಬಿ ಒಡೆದು ಪಿನ್ನು ಚುಚ್ಚಿದರೆ ಕೆಲಸ ಅಲ್ಲಿಗೇ ಮುಗಿಯಿತು. ಅಪ್ಪ ಮಗಳ ಮಾತು ಅವಳ ಹೊಟ್ಟೆಯಲ್ಲೇ ಉಳಿಯಿತು. ಅದೇ ಒಂದೊಂದೇ ಸಾಮಾನು ಜೋಡಿಸುತ್ತ ಕುಳಿತರೆ, "ಅಪ್ಪ ಹೀಗೆ ಅಂದಿದ್ದ, ಹಾಗೆ ಅಂದಿದ್ದ" ಎಂದು ಒಂದೊಂದಾಗಿ ಹೊರಗೆ ಬೀಳುತ್ತದೆ. ನಾನು ಹತ್ತಿರ ಕುಳಿತು ಆರಿಸಿಕೊಳ್ಳಬಹುದು. ನಾನೇ ಸ್ಟೂಲು ಹತ್ತಿ ಚೀಲ ಇಳಿಸಿದೆ. "ನೀನೇ ಜೋಡಸು," ಎಂದೆ. ಮಗಳು ನನ್ನನ್ನು ಅಪ್ಪಿಕೊಂಡು, "ನಮ್ಮವ್ವ ಭಾಳ ಛಲೋ" ಎಂದಳು. ಛಲೋತನ ಅದರಲ್ಲಿ ಎಷ್ಟಿತ್ತು ಎಂದು ನಿಮಗೆ ಗೊತ್ತಾಯಿತಲ್ಲ.

ಸಾಮಾನು ಬಂದದ್ದು ನನಗೆ ನಿರಾಸೆ ತಂದಿತು. ಒಂದು ಇಂದು, ಒಂದು ನಾಳೆ, ಎಲ್ಲ ಸಣ್ಣ ಸಣ್ಣ ಡಬ್ಬಿ. ಕೆಲವು ಕೊರಿಯರಿನಲ್ಲಿ ಬಂದವು, ಕೆಲವನ್ನು ಅವಳೇ ಕಲಬುರಗಿಯಿಂದ ಕೈಚೀಲದಲ್ಲಿ ತಂದಳು. ಕಸ್ತೂರಕ್ಕ ಬಾಗಿಲಲ್ಲಿ ನಿಂತು, "ಏನು ಶಾಂತಕ್ಕ, ದಿನಾ ಚಪ್ಪಲಿ ತರಸಾಕತ್ತೀರೇನು?" ಎಂದು ಕೇಳಿದಳು. ದೊಡ್ಡದಾಗಿ ಬಂದದ್ದು ಎಲ್ಲ ಸಾಮಾನು ಕೂರುವ ಕ್ಯಾಬಿನೆಟ್ ಒಂದೇ, ಅದು ಬಂದ ದಿನ ಅವಳು ಶಹಾಬಾದಿಗೆ ತಂಗಿಯ ಮನೆಗೆ ಹೋಗಿದ್ದಳು.

ರಜೆಯ ದಿನ ಬೆಳಗ್ಗೆಯೇ ನೆಲ ಎರಡು ಸಲ ಒರೆಸಿ ಕುಳಿತೆವು. ನನ್ನ ಗುಂಡಿಯ ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂ ಹಾಕಿಕೊಂಡು, ಕೇಳಿದ್ದನ್ನು ಕೊಡುವುದು ನನ್ನ ಕೆಲಸ. ನಾನು ಎಣಿಸಿದಂತೆಯೇ ಆಯಿತು. ಬೋರ್ಡನ್ನು ಕೂರಿಸುವಾಗ, "ಅಪ್ಪ ಅಂತಿದ್ದ, ನಾಕೂ ಮೂಲಿ ಸ್ಕ್ರೂ ಮೊದಲು ಅರ್ಧ ಬಿಗಿ, ಆಮ್ಯಾಲ ಪೂರಾ ಬಿಗಿ ಅಂತ" ಎಂದಳು. ಪ್ರೊಸೆಸರ್ ಎಂಬ ಚೌಕದ ಚೂರನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಇಟ್ಟು, ನಗತೊಡಗಿದಳು.

"ಯಾಕ ನಗಾಕತ್ತಿ?"

"ಇದಕ್ಕೂ ಅಪ್ಪ ಒಂದು ಮಾತು ಹೇಳಿದ್ದ. ಒತ್ತಬಾರದು, ಜೋರು ಮಾಡಬಾರದು, ನಿಮ್ಮವ್ವ ಸಿಟ್ಟಾದಾಗ ಚಾ ಕಪ್ಪು ಅಕಿ ಮುಂದ ಇಡ್ತೀನಲ್ಲ, ಹಂಗ ಇಟ್ಟು ಕೈ ಹಿಂದ ತಗಿಬೇಕು ಅಂತ."

ಆ ಭಾನುವಾರಗಳಲ್ಲಿ ನಾನೂ ಇದ್ದೆನಂತೆ, ಮಾತಿನ ನಡುವೆ, ಹೀಗೆ. ನನ್ನ ಬೆನ್ನ ಹಿಂದೆ ಮಗಳ ಮುಂದೆ ನನ್ನನ್ನು ಹೀಗೆಲ್ಲ ಆಡಿಕೊಂಡಿದ್ದಾರೆ ಎಂದು ಜಗಳ ತೆಗೆಯಬೇಕು ಅನ್ನಿಸಿತು. ಜಗಳಕ್ಕೆ ಎದುರಿಗೆ ಯಾರೂ ಇರಲಿಲ್ಲ. "ಇನ್ನೊಮ್ಮೆ ಹೇಳು," ಎಂದೆ ಮಗಳಿಗೆ. ಅವಳು ಇನ್ನೊಮ್ಮೆ ಹೇಳಿದಳು.

ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿ ಆಯಿತು. ಗುಂಡಿ ಒತ್ತುವುದೊಂದು ಬಾಕಿ. ನಮ್ಮ ಕಡೆ ಹೊಸ ವಸ್ತು ಮನೆಗೆ ಬಂದರೆ, ಅದು ಸೈಕಲ್ಲಾಗಲಿ ಫ್ರಿಜ್ಜಾಗಲಿ, ಮುತ್ತೈದೆಯೊಬ್ಬಳು ಅರಿಷಿಣ ಕುಂಕುಮ ಹಚ್ಚಿದ ಮೇಲೆಯೇ ಚಾಲೂ ಮಾಡುವುದು. ಹಿಂದೆಲ್ಲ ನಾನೇ ಹಚ್ಚುತ್ತಿದ್ದೆ. "ಈಗೂ ನೀನೇ ಹಚ್ಚವ್ವ, ಯಾರು ಕೇಳ್ತಾರ" ಎಂದಳು ಮಗಳು. ನನ್ನ ಕೈ ಬರಲಿಲ್ಲ. ಅವಳು ಜೋಡಿಸಿದ್ದು ನನ್ನಿಂದ ಕೆಟ್ಟಿತು ಎಂದು ಆಮೇಲೆ ನಾನೇ ನನಗೆ ಹೇಳಿಕೊಳ್ಳಬಾರದಲ್ಲ. ಓಣಿಯಲ್ಲಿ ಆ ಹೊತ್ತಿಗೆ ಮನೆಯಲ್ಲಿದ್ದ ಮುತ್ತೈದೆ ಯಾರು? ಹೋಗಿ ಕರೆದೆ.

ಕಸ್ತೂರಕ್ಕ ತಟ್ಟೆ ಹಿಡಿದುಕೊಂಡೇ ಬಂದಳು, ಕೈತುಂಬ ಹಸಿರು ಬಳೆ, ಹಣೆಯ ಮೇಲೆ ರೂಪಾಯಿಯಷ್ಟು ಕುಂಕುಮ. ಬರುವಾಗ ತಿರುಗಿ, "ಬಂದೆರಿ, ಚಾ ಆಮ್ಯಾಲ ಮಾಡ್ತೀನಿ, ಸತ್ತು ಹೋಗಾಂಗಿಲ್ಲ ನೀವು!" ಎಂದು ಗಂಡನಿಗೆ ಕೂಗಿದಳು. ಹಾಗೆ ಕೂಗುವುದಕ್ಕೂ ಒಂದು ಪುಣ್ಯ ಬೇಕು. ನಾನು ಹಿಂದೆ ಸರಿದು ನಿಂತೆ. ಅವಳು ಕಂಪ್ಯೂಟರನ್ನು ಒಂದು ಸುತ್ತು ನೋಡಿ, "ಗಾಜಿಗಿ ಹಚ್ಲೇನವ್ವ ಸುನೀ?" ಎಂದಳು. "ಗಾಜಿಗಿ ಬ್ಯಾಡ ಕಾಕು, ಕಲಿ ಬೀಳ್ತದ." ಕಸ್ತೂರಕ್ಕ ಯೋಚಿಸಿ, ಫ್ರಿಜ್ಜಿನ ತಲೆಯ ಮೇಲೆ ಇಡುವಂತೆ, ಡಬ್ಬಿಯ ನೆತ್ತಿಯ ಮೇಲಿನ ಜಾಲರಿಗೆ ಒಂದು ಚಿಟಿಕೆ ಅರಿಷಿಣ, ಧಾರಾಳವಾಗಿ ಒಂದು ಹಿಡಿಯಷ್ಟು ಕುಂಕುಮ ಇಟ್ಟು, ಕೈಮುಗಿದಳು. ಮಗಳು ಕೆಳಗೆ ಬಗ್ಗಿ ವೈರು ನೋಡುತ್ತಿದ್ದಳು, ಇದನ್ನು ನೋಡಲಿಲ್ಲ. "ಒತ್ತಲೇನವ್ವ?" ಎಂದಳು. ಎಷ್ಟಾದರೂ ನಮ್ಮ ಮನೆಯವರು ಬಯಸಿದ ಕಂಪ್ಯೂಟರು. ಮೊದಲ ಬೆಳಕು ನಾನೇ ನೋಡಬೇಕೆಂದು ಎಲ್ಲರಿಗಿಂತ ಮುಂದೆ ಬಂದು, ಅದರ ಮೇಲೆ ಬಗ್ಗಿ, "ಒತ್ತು" ಎಂದೆ.

ಆ ಜಾಲರಿಯ ಕೆಳಗಿನ ಫ್ಯಾನು ಗಾಳಿಯನ್ನು ಮೇಲಕ್ಕೆ ಉಗುಳುವ ಫ್ಯಾನಂತೆ. ಭುಸ್ ಎಂದಿತು. ಕಣ್ಣು ಬಿಟ್ಟಾಗ ದೀಪಗಳೆಲ್ಲ ಹತ್ತಿದ್ದವು, ಪರದೆಯ ಮೇಲೆ ಅಕ್ಷರ ಓಡುತ್ತಿದ್ದವು, ಮತ್ತು ಕಸ್ತೂರಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಹಣೆ, ಹುಬ್ಬು, ಬೈತಲೆ, ಕೆನ್ನೆ, ಎಲ್ಲ ಕೆಂಪು.

"ಅಯ್ಯ ಶಿವನ! ತಪ್ಪಾತ್ರಿ ಶಾಂತಕ್ಕ, ತಪ್ಪಾತು. ಒರಸ್ಕೊಳ್ರಿ, ಲಗೂ ತೊಳಕೊಳ್ರಿ," ಎಂದಳು. ಅವಳ ಕಣ್ಣಲ್ಲಿ ನೀರೇ ಬಂತು. ಮಗಳು ನಗಬೇಕೋ ಅಳಬೇಕೋ ತಿಳಿಯದೆ ಟವೆಲ್ ಹುಡುಕತೊಡಗಿದಳು.

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. "ತೊಳಕೊಂಡ್ರೇನ್ರಿ?" ಎಂದು ಕಸ್ತೂರಕ್ಕ ಹೊರಗಿನಿಂದ ಕೇಳಿದಳು.

"ನಳದಾಗ ನೀರು ಬರವಲ್ದು ನೋಡ್ರಿ," ಎಂದೆ, ತೊಟ್ಟಿಕ್ಕುತ್ತಿದ್ದ ನೀರಿನ ಸಪ್ಪಳ ಅವಳಿಗೆ ಕೇಳದಂತೆ ನಳವನ್ನು ಬಿಗಿಯಾಗಿ ತಿರುಗಿಸುತ್ತ.