ಅತ್ತಿಗೆಯ ಎಂಬಿಎ ಪ್ರಸಂಗ

ನಮ್ಮ ಅತ್ತಿಗೆ ಮನೆಗೆ ಬರುತ್ತಾಳೆ ಎಂದರೆ ನಾನು ಮೊದಲು ಚಕ್ಕುಲಿ ಡಬ್ಬ ಬಚ್ಚಿಡುತ್ತೇನೆ. ತಿಂದು ಖಾಲಿ ಮಾಡುತ್ತಾಳೆಂದಲ್ಲ, ಅಳೆಯುತ್ತಾಳೆಂದು! ಅವಳ ವ್ಯಾನಿಟಿ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಇರುತ್ತಿರಲಿಲ್ಲ, ಬಾಚಣಿಗೆ ಇರುತ್ತಿರಲಿಲ್ಲ. ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾಗುವ ಬಿಡಿಭಾಗಗಳ ದಪ್ಪವನ್ನು ಆ ಉಪಕರಣದಿಂದ ಅಳೆದು, ಪಾಸೋ ಫೇಲೋ ಹೇಳುವುದು ಅವಳ ಉದ್ಯೋಗವಾಗಿತ್ತು. ಒಂದು ಗೌರಿ ಹಬ್ಬದಲ್ಲಿ ನಾನು ಮಾಡಿದ ಚಕ್ಕುಲಿಯನ್ನು ಅಲ್ಲಲ್ಲಿ ಅಳೆದು, "ಇಲ್ಲಿ ದಪ್ಪ, ಇಲ್ಲಿ ತೆಳು. ಈ ಲಾಟು ರಿಜೆಕ್ಟು ಕಣೇ" ಎಂದಳು. ಆಮೇಲೆ ರಿಜೆಕ್ಟಾದ ಲಾಟನ್ನೆಲ್ಲ ಕಟ್ಟಿಸಿಕೊಂಡು ಹೋದಳು!

ಅಣ್ಣನ ಹೆಂಡತಿಯನ್ನು ಹೀಗೆ ಏಕವಚನದಲ್ಲಿ ಬರೆಯಬಾರದು, ಗೊತ್ತು. ಏನು ಮಾಡಲಿ? ಇಬ್ಬರೂ ಒಂದೇ ವಯಸ್ಸಿನವರು, ತುಮಕೂರಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ರಸ್ತೆ. ದಿನಾ ಸಂಜೆ ಕಾಫಿಗೆ ಅಲ್ಲಿಗೇ ಹೋಗುವವಳಿಗೆ ಬಹುವಚನ ಎಲ್ಲಿಂದ ಬರಬೇಕು?

ಅವಳನ್ನು ನೋಡಲು ಕುಣಿಗಲ್ಲಿಗೆ ಹೋದ ದಿನವೇ ನಮಗೆ ಸುಳಿವು ಸಿಕ್ಕಿತ್ತು. ಕಾಫಿ ತಟ್ಟೆ ಹಿಡಿದು ಬಂದವಳು ಹುಡುಗನ ಮುಖ ನೋಡಲಿಲ್ಲ, ಅವನು ಕೂತಿದ್ದ ಕುರ್ಚಿಯ ಕಾಲು ನೋಡಿದಳು. ಕುರ್ಚಿ ಅಲ್ಲಾಡುತ್ತಿತ್ತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಕೂತು, ಪೇಪರಿನ ತುಂಡೊಂದನ್ನು ಮಡಚಿ ಕಾಲಿನ ಕೆಳಗೆ ತುರುಕಿ, "ಈಗ ಕೂತ್ಕೊಳ್ಳಿ" ಎಂದಳು. ಅಣ್ಣ ಕೂತ. ಅವಳೆದುರು ಅವನು ಇವತ್ತಿಗೂ ಅಲ್ಲಾಡಿಲ್ಲ!

ಇಂಥವಳಿಗೆ ನಲವತ್ತು ದಾಟಿದ ಮೇಲೆ ಎಂಬಿಎ ಹುಚ್ಚು ಹಿಡಿಯಿತು. ಹುಚ್ಚು ಎಂದದ್ದು ತಪ್ಪು, ಕಾರಣವಿತ್ತು. ವರ್ನಿಯರ್ ಹಿಡಿಯುವುದನ್ನು ಅವಳೇ ಕಲಿಸಿದ ಹುಡುಗರು ಒಬ್ಬೊಬ್ಬರಾಗಿ ಮ್ಯಾನೇಜರುಗಳಾಗಿ ಅವಳ ತಲೆಯ ಮೇಲೆ ಬಂದು ಕೂತರು. ಕೊನೆಗೊಮ್ಮೆ ಅತ್ತಿಗೆ, ನನಗೇಕೆ ಬಡ್ತಿ ಇಲ್ಲ ಎಂದು ದೊಡ್ಡ ಸಾಹೇಬರನ್ನೇ ಕೇಳಿದಳು. "ಮೇಡಂ, ನೀವು ಟೆಕ್ನಿಕಲ್ಲು. ಇದು ಮ್ಯಾನೇಜ್‌ಮೆಂಟು, ಬೇರೇನೇ" ಎಂದರಂತೆ. ಅವತ್ತು ಮನೆಗೆ ಬಂದವಳು ಮುದ್ದೆ ತಿರುವುತ್ತಲೇ ಘೋಷಿಸಿದಳು: "ನಾನು ಎಂಬಿಎ ಮಾಡ್ತೀನಿ. ಇಂಗ್ಲೆಂಡಲ್ಲಿ. ಒಂದು ವರ್ಷ."

ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟರಾಗಿರುವ ಅಣ್ಣ, "ತುಮಕೂರಲ್ಲೇ ಇದ್ಯಲ್ಲೇ ಎಂಬಿಎ" ಎಂದ.

"ಇಲ್ಲಿ ಮಾಡಿದ್ರೆ ಸಂಜೆ ಕಾಲೇಜಾ ಅಂತಾರೆ. ನಾನು ಅವ್ರ ಬಾಯಿ ಮುಚ್ಚಿಸ್ಬೇಕು ಕಣ್ರೀ."

ಮಗಳು ಆ ವರ್ಷವೇ ಪಿಯುಸಿ ಮುಗಿಸಿದ್ದಳು. ಒಂದೇ ಕಂಪ್ಯೂಟರಿನಲ್ಲಿ ತಾಯಿ, ಮಗಳು ಇಬ್ಬರೂ ಕಾಲೇಜಿಗೆ ಅರ್ಜಿ ಹಾಕುವುದೆಂದರೆ ಸುಮ್ಮನೆಯೇ? "ಅಮ್ಮಾ, ಮೊದ್ಲು ನಿನ್ನ ಸೇರಿಸಿಬಿಡೋಣ, ಆಮೇಲೆ ನನ್ನ ಚಿಂತೆ ಮಾಡುವಂತೆ" ಎಂದು ಮಗಳು ಎದ್ದು ಹೋಗುತ್ತಿದ್ದಳು. ಕೊನೆಗೆ ಅವಳು ಮೈಸೂರಿನ ಹಾಸ್ಟೆಲ್ ಸೇರಿದಳು. ಅಮ್ಮನ ಸೀಟು ಇನ್ನೂ ತೂಗಾಡುತ್ತಲೇ ಇತ್ತು.

ಇಂಟರ್‌ವ್ಯೂ ಕೂಡ ಕಂಪ್ಯೂಟರಿನಲ್ಲೇ. ಆ ಕಡೆ ಇಂಗ್ಲೆಂಡಿನ ಒಬ್ಬ ಗಂಡಸು, ಒಬ್ಬ ಹೆಂಗಸು. ಈ ಕಡೆ ಅತ್ತಿಗೆ. ಅವರು ಇವಳನ್ನು ಮಾತಾಡಿಸಿ, ಒಪ್ಪಿಗೆಯಾದರೆ ಸೇರಿಸಿಕೊಳ್ಳುತ್ತಾರೆ ಎಂದು ಅಣ್ಣ, ಅವನ ಜೊತೆಗೇ ಇರುವ ನಮ್ಮಮ್ಮನಿಗೆ ತಿಳಿಸಿ ಹೇಳಿದ್ದ. ಹಾಗೆ ನೋಡಿ ಒಪ್ಪುವವರಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಉಪ್ಪಿಟ್ಟು ಕೇಸರಿಬಾತು ಮಾಡಿ, ಎರಡು ತಟ್ಟೆ ತಂದು ಕಂಪ್ಯೂಟರಿನ ಮುಂದಿಟ್ಟಳು!

"ಅಮ್ಮಾ, ಅವ್ರು ತಿನ್ನೋಕಾಗಲ್ಲ" ಎಂದು ಅಣ್ಣ ಬಾಗಿಲ ಮರೆಯಿಂದ ಪಿಸುಗುಟ್ಟಿದ.

"ಅಷ್ಟೂ ಗೊತ್ತಾಗಲ್ವೇನ್ಲಾ ನಂಗೆ? ನೋಡ್ಲಿ. ಎಂಥಾ ಮನೆ ಹೆಣ್ಮಗಳು ಅಂತ ತಿಳೀಲಿ."

ಯಾರಿವರು ಎಂದು ಆ ಹೆಂಗಸು ಕೇಳಿದ್ದೇ ತಡ, ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಸೊಸೆಗೆ ಊಟಕ್ಕೇನ್ ಹಾಕ್ತೀರಾ? ಮುದ್ದೆ ಸಿಗ್ತೈತಾ?" ಅತ್ತಿಗೆ ಬೆವರುತ್ತಾ ಇಂಗ್ಲಿಷಿಗೆ ತಿರುಗಿಸಿದಳು. ಆ ಹೆಂಗಸು ನಕ್ಕು, ನಿಮ್ಮ ಸೊಸೆಯಲ್ಲಿ ಏನಾದರೂ ಕೊರತೆ ಇದೆಯೇ ಎಂದಳು. ಈ ಪ್ರಶ್ನೆಗಾಗಿಯೇ ಅಮ್ಮ ಅಣ್ಣನ ಮದುವೆಯಾದಾಗಿನಿಂದ ಕಾಯುತ್ತಿದ್ದಳೇನೋ! "ಬಾಯಿ ಜೋರು. ತಪ್ಪು ಕಂಡ್ರೆ ಸುಮ್ನಿರಲ್ಲ. ಎದುರಿಗಿರೋರು ದೊಡ್ಡೋರೋ ಚಿಕ್ಕೋರೋ ನೋಡಲ್ಲ." ಅತ್ತಿಗೆ ಇದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಸೀಟು ಸಿಕ್ಕಿತು! ಅದು ಅತ್ತಿಗೆಯ ಬುದ್ಧಿಗೆ ಸಿಕ್ಕಿದ್ದೋ ಅಮ್ಮನ ಉಪ್ಪಿಟ್ಟಿಗೋ ಎಂಬ ಜಗಳ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕೆಲಸಕ್ಕೆ ರಾಜೀನಾಮೆ ಕೊಟ್ಟು, ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ಹುರಿಹಿಟ್ಟು ಚಟ್ನಿಪುಡಿಗಳ ಸಮೇತ ಅತ್ತಿಗೆ ವಿಮಾನ ಹತ್ತಿದಳು. ಮೊದಮೊದಲು ದಿನಾ ಫೋನು. ಹಾಸ್ಟೆಲ್ಲಿನ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಸರಿ ಮಾಡಿದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಿಲ್ಲಿಸಿದೆ ಎನ್ನುತ್ತಿದ್ದಳು. "ಅತ್ತಿಗೆ, ನೀನು ಓದೋಕೆ ಹೋಗಿದೀಯೋ ರಿಪೇರಿಗೋ?" ಎಂದು ನಾನು ರೇಗಿಸಿದರೆ ನಗುತ್ತಿದ್ದಳು. ಆಮೇಲೆ ಫೋನುಗಳು ಕಡಿಮೆಯಾದವು. ನಗು ಅದಕ್ಕಿಂತ ಮೊದಲೇ ಕಡಿಮೆಯಾಗಿತ್ತು.

ಒಂದು ಭಾನುವಾರ ಸಂಜೆ ಅಣ್ಣನ ಮನೆಯಲ್ಲಿ ಅಮ್ಮ, ಅಣ್ಣ, ನಾನು ಮೂವರೂ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಇಲ್ಲಿ ಕ್ಲಾಸಲ್ಲಿ ಮಾತಾಡಿದ್ರೇ ಮಾರ್ಕ್ಸು ಕಣೇ. ಈ ಮಕ್ಳು ಗೊತ್ತಿಲ್ಲದಿದ್ರೂ ಮಾತಾಡ್ತವೆ. ನಾನು ಸರಿಯೋ ತಪ್ಪೋ ಅಂತ ನೋಡಿ ಬಾಯಿ ತೆಗೆಯೋಷ್ಟ್ರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತೆ. ಮೊದಲ ಟರ್ಮಲ್ಲಿ ಎಲ್ಲರಿಗಿಂತ ಹಿಂದೆ ನಾನೇ. ಆ ಸಾಹೇಬ್ರು ಹೇಳಿದ್ದು ನಿಜಾನೇನೋ. ಬಂದ್ಬಿಡ್ತೀನಿ." ಮಾತು ಅಲ್ಲಿಗೆ ನಿಂತು ಅಳು ಬಂತು. ಮದುವೆಯ ದಿನ ತವರು ಬಿಟ್ಟು ಬರುವಾಗಲೂ ಅವಳು ಅತ್ತಿರಲಿಲ್ಲ.

ಅಣ್ಣ ಮೆಲ್ಲಗೆ, "ಬಂದ್ಬಿಡೇ, ಸಾಕು" ಎಂದ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಅವಳಿಲ್ಲದ ಮನೆಯಲ್ಲಿ ಕಾಫಿಗೆ ರುಚಿಯೇ ಇರಲಿಲ್ಲ. ಅಷ್ಟರಲ್ಲಿ ಅಮ್ಮ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

"ಯಾರಾದ್ರೂ ಬೈದ್ರೇನವ್ವ?"

"ಇಲ್ಲ ಅತ್ತೆ."

"ಹೊಟ್ಟೆಗೆ?"

"ಇದೆ."

"ಮತ್ತೆ ಬರ್ಬೇಡ. ಅಳು ಬಂದ್ರೆ ಅಳು. ಅತ್ಕೊಂಡೇ ಓದು." ಅಮ್ಮ ಗೋಡೆಯ ಕಡೆ ತಿರುಗಿದಳು. "ಓದು ಬುಟ್ಟು ಬಂದೋಳು ಈ ಮನೇಲಿ ನಾನೊಬ್ಳು ಇದೀನಿ. ಸಾಕು."

ಅಮ್ಮ ತನ್ನ ಓದಿನ ಮಾತೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣ ಲೋಟವನ್ನೇ ನೋಡುತ್ತಾ ಕೂತ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ಆಯ್ತು ಅತ್ತೆ. ನಾಳೆ ಕ್ಲಾಸಲ್ಲಿ ಕೈ ಎತ್ತುತೀನಿ. ಉತ್ತರ ತಪ್ಪಾದ್ರೂ ಎತ್ತುತೀನಿ."

"ಎತ್ತವ್ವ" ಎಂದಳು ಅಮ್ಮ. "ನಂದೂ ಸೇರ್ಸಿ ಎತ್ತು."